ತಲೆ ಬಾಚುವ ದೃಶ್ಯ

ಮಾರ್ಚ್ ೧೨, ಗುರುವಾರ

ಸಿಟ್ಟು ಇನ್ನೂ ಇಳಿದಿಲ್ಲ. ಒಂದು ಹಳೆಯ ಥ್ರಿಲ್ಲರ್ ಚಿತ್ರ ಮತ್ತೆ ಬಿಡುಗಡೆಯಾಗುತ್ತದಂತೆ, ನಾನು ಅದನ್ನು ಸಂಕಲಿಸಿ ಚಿಕ್ಕದು ಮಾಡಬೇಕಂತೆ. ಅದರಲ್ಲೊಂದು ದೃಶ್ಯ: ಕೊಲೆಗಾರ ಕಿಟಕಿ ಪರದೆಯ ಹಿಂದೆ ನಿಂತಿದ್ದಾನೆ, ನಾಯಕಿ ಕನ್ನಡಿಯ ಮುಂದೆ ನಿಧಾನವಾಗಿ ತಲೆ ಬಾಚುತ್ತಿದ್ದಾಳೆ.

“ತಲೆ ಬಾಚೋದನ್ನ ಯಾರು ನೋಡ್ತಾರಮ್ಮ? ತೆಗೀರಿ,” ಎಂದರು ನಿರ್ಮಾಪಕರು.

“ಅವನಿರೋದು ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಭಯ ಇರೋದೇ ಅಲ್ಲಿ ಸರ್,” ಎಂದೆ.

ಅವರು ಆಕಳಿಸಿದರು. ಹಲ್ಲು ಕಚ್ಚಿಕೊಂಡು ಆ ದೃಶ್ಯ ತೆಗೆದೆ. ಆಮೇಲೆ ಚಿತ್ರ ನೋಡಿದ ಅವರೇ, “ಯಾಕೋ ಭಯಾನೇ ಆಗ್ತಿಲ್ವಲ್ಲ. ಜೋರಾಗಿ ಮ್ಯೂಸಿಕ್ ಹಾಕಿ,” ಎಂದರು.

ಮೈಯೆಲ್ಲ ಉರಿದುಹೋಯಿತು. “ನೀವೇ ಹಾಕ್ಕೊಳ್ಳಿ,” ಎಂದು ಎದ್ದು ಬಂದೆ.

“ಕೆಲಸ ಹೋಯ್ತಾ?” ಎಂದು ಮನೆಯಲ್ಲಿ ಇವರು ಕೇಳಿದರು. ಹೋದರೆ ಹೋಗಲಿ ಎಂದೆ. ತೆಗೀರಿ ಅಂತ ನಿರ್ಮಾಪಕರೇನೋ ಹೇಳಿದರು, ಸರಿ. ಆದರೆ ಕತ್ತರಿಸಿದ್ದು ನನ್ನದೇ ಕೈಯಲ್ಲವೇ, ಅದಕ್ಕೇ ನಿದ್ದೆ ಬರುತ್ತಿಲ್ಲ.