ಓದಿ ಹೇಳೋರು ಯಾರು

ಹುಣಸೂರು, ೯ ಫೆಬ್ರವರಿ ೨೦೦೩, ಭಾನುವಾರ

ಅಪ್ಪನ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ. ನಾಳೆ ಲೇಖನವನ್ನು ಅಂಚೆಗೆ ಹಾಕಬೇಕು.

ಇಂಟರ್ನೆಟ್ ಕಾನೂನಿನ ಮೇಷ್ಟ್ರಾದ ಮೇಲೆ ನಾನು ಬರೆದ ಮೊದಲ ಲೇಖನ ಅಂತ ಹೆಮ್ಮೆಯಿಂದ ತಂದಿದ್ದೆ. ಇಂಗ್ಲಿಷ್ ಬಾರದ ಅಪ್ಪ ಹಾಳೆ ಸವರಿ, "ಒಸಿ ಓದಿ ಹೇಳವ್ವ" ಅಂದರು. ಮೂವತ್ತೈದು ವರ್ಷ ಸಬ್ ರಿಜಿಸ್ಟ್ರಾರ್ ಕಚೇರಿ ಮುಂದೆ ಕೂತು ಕ್ರಯಪತ್ರ ಬರೆದವರು. ಪೂರ್ತಿ ಓದಿ ಹೇಳದೆ ಒಬ್ಬರ ಹೆಬ್ಬೆಟ್ಟನ್ನೂ ಒತ್ತಿಸಿದವರಲ್ಲ.

ಕನ್ನಡ ಮಾಡಿ ಹೇಳಿದೆ. ಕಂಪ್ಯೂಟರಿನಲ್ಲಿ ಪುಟಗಟ್ಟಲೆ ಕರಾರು ಬರುತ್ತದೆ, ಕೆಳಗೆ 'ಒಪ್ಪಿದ್ದೇನೆ' ಎಂಬ ಗುಂಡಿ. ಅದನ್ನು ಒತ್ತಿದರೆ ಸಹಿ ಹಾಕಿದ ಹಾಗೆಯೇ ಎಂಬುದು ನನ್ನ ವಾದ. ಅಪ್ಪ ಕಿವಿಗೆ ಕೈಯಿಟ್ಟು ಕೇಳಿದರು. ಊರಿಗೆಲ್ಲ ಓದಿ ಹೇಳಿದ ಮನುಷ್ಯನಿಗೆ ಒಬ್ಬರು ಓದಿ ಹೇಳಿದ್ದು ಇದೇ ಮೊದಲೇನೋ.

"ಅಷ್ಟುದ್ದದ ಪತ್ರಾನ ಗುಂಡಿ ಒತ್ತೋರಿಗೆ ಓದಿ ಹೇಳೋರು ಯಾರವ್ವ?"

"ಯಾರೂ ಇಲ್ಲಪ್ಪ."

"ಅಂಗೇ ಒತ್ಬುಡ್ತಾರಾ?"

ಹೌದೆಂದು ತಲೆಯಾಡಿಸಿದೆ. ಅಪ್ಪ ಬೈಯಲಿಲ್ಲ.

"ಕಂಪಲಾಪುರದ ಚಿಕ್ಕಬೀರಮ್ಮ ಬೆರಳಿಗೆ ಇಂಕು ಬಳ್ಕೊಂಡು ಕೂತಿದ್ಲು. ನಾನು ಓದಿದ್ದ ಕೇಳಿ, ಸೆರಗಿಗೆ ಒರೆಸ್ಕೊಂಡು ಎದ್ದೋದ್ಲು ಕಣವ್ವ. ಜಮೀನು ಉಳೀತು."

ಹೋದ ವರ್ಷ ಇಮೇಲ್ ಖಾತೆ ತೆರೆಯುವಾಗ ನಾನೂ ಆ ಗುಂಡಿ ಒತ್ತಿದ್ದೆ. ಒಂದು ಸಾಲೂ ಓದಿರಲಿಲ್ಲ. ಅದನ್ನು ಅಪ್ಪನಿಗೆ ಹೇಳಲಿಲ್ಲ.

ನಾಳೆ ಅಂಚೆ ಬೇಡ. ಅಪ್ಪನ ಪ್ರಶ್ನೆಯನ್ನೂ ಸೇರಿಸಿ ಕೊನೆಯ ಪುಟವನ್ನು ಮತ್ತೆ ಬರೆದು, ಮೊದಲು ಅಪ್ಪನಿಗೆ ಓದಿ ಹೇಳುತ್ತೇನೆ. ಅವರು ಹೂಂ ಅಂದ ಮೇಲೇ ಲೇಖನಕ್ಕೆ ನನ್ನ ಸಹಿ.