ಹಿತ್ತಾಳೆಯ ತಗಡು

ಫಳ್ನೀರ್, ಮಂಗಳೂರು
14 ಡಿಸೆಂಬರ್ 1961

ಒಸ್ವಾಲ್ಡ್,

'ಪ್ರಿಯ' ಎಂದು ಬರೆಯಲು ಕೈ ಏಳಲಿಲ್ಲ, ಬಿಟ್ಟಿದ್ದೇನೆ. ಮಾಯಿಲಪ್ಪನ ದೋಣಿಗೆ ಪಂದ್ಯದಲ್ಲಿ ಜಾಗವಿಲ್ಲವೆಂದು ಹಾಯಿದೋಣಿ ಕ್ಲಬ್ಬಿನ ಕಾರ್ಯದರ್ಶಿಯಾಗಿ ನೀನು ಇಂಗ್ಲಿಷಿನಲ್ಲಿ ಟೈಪು ಮಾಡಿಸಿ ಅಂಟಿಸಿದ ನೋಟಿಸಿಗೆ ಕನ್ನಡದಲ್ಲೇ ಉತ್ತರಿಸುತ್ತಿದ್ದೇನೆ. ನಿನ್ನ ಕೈ ಸೇರುವ ಮೊದಲು ಈ ಪತ್ರವನ್ನು ಮಾಯಿಲಪ್ಪನ ಮಗಳು ತನ್ನ ಅಪ್ಪನಿಗೆ ಓದಿ ಹೇಳಬೇಕು.

ಕಳೆದ ಭಾನುವಾರ ಗುರುಪುರ ಹೊಳೆಯ ದಡದಲ್ಲಿ ಮಾಯಿಲಪ್ಪನ ಹೊಸ ಹಾಯಿದೋಣಿಯನ್ನು ಅಳೆದವನು ನೀನೇ. ಒಂದಲ್ಲ, ಮೂರು ಸಲ. ಉದ್ದ, ಅಗಲ, ಕಂಬದ ಎತ್ತರ, ಹಾಯಿಯ ಬಟ್ಟೆ, ಯಾವುದರಲ್ಲೂ ನಮ್ಮ ದೋಣಿಗಳಿಗಿಂತ ಕೂದಲೆಳೆಯಷ್ಟು ವ್ಯತ್ಯಾಸ ಸಿಗಲಿಲ್ಲ. ಹೇಗೆ ಸಿಕ್ಕೀತು? ನಿನ್ನ ಮಾವನ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ನಮ್ಮೆಲ್ಲರ ದೋಣಿಗಳನ್ನು ಕಟ್ಟಿದ ಕೈ ಅದು. ಈ ವರ್ಷ ಸ್ವಂತ ಶೆಡ್ಡು ಹಾಕಿಕೊಂಡ, ಅಷ್ಟೇ.

ಆಮೇಲೆ ನೀನು ದೋಣಿಯ ಮೂತಿಯ ಹತ್ತಿರ ಬಗ್ಗಿ ಹುಡುಕಿದೆ. ಕಾರ್ಖಾನೆಯ ಹೆಸರು ಕೆತ್ತಿದ ಹಿತ್ತಾಳೆಯ ತಗಡು ಅಲ್ಲಿರಲಿಲ್ಲ. "ಎಂತ ಮಾಡುವುದು ಮಾರಾಯ, ಬೇರೆಯವರು ಕಟ್ಟಿದ ದೋಣಿಗೆ ಪಂದ್ಯದಲ್ಲಿ ಜಾಗ ಇಲ್ಲ. ರೂಲ್ ಅಂದ್ರೆ ರೂಲ್" ಎಂದೆ. ಮಾಯಿಲಪ್ಪ ತಲೆಗೆ ಸುತ್ತಿದ್ದ ಬೈರಾಸಿನ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ನಮ್ಮ ಕ್ರೈಸ್ತ ಧಣಿಗಳಿಗೆ ಕೊಡುವ ಮರ್ಯಾದೆಯಲ್ಲೇ ಕೇಳಿದ: "ನೀರಿಗೆ ಓದ್ಲಿಕ್ಕೆ ಬರ್ತದಾ ಪೊರ್ಬುಗಳೇ?" ನೀನು ನಕ್ಕೆ. ಆ ನಗೆಯನ್ನು ನಾನು ಕ್ಷಮಿಸುವುದಿಲ್ಲ.

ಹೊಳೆ ಕಡಲು ಸೇರುವ ಅಳಿವೆಯಲ್ಲಿ ನಮ್ಮಿಬ್ಬರಿಗೂ ಹಾಯಿಯ ಹಗ್ಗ ಹಿಡಿಯಲು ಕಲಿಸಿದವನು ಅವನು. ಎಲ್ಲರಿಗೂ ಒಂದೇ ಅಳತೆಯ ದೋಣಿ ಎಂದು ನಿಯಮ ಮಾಡಿದ ದಿನ "ದುಡ್ಡು ಗೆಲ್ಲಬಾರದು, ಕೈ ಗೆಲ್ಲಬೇಕು" ಎಂದು ಮೇಜು ಕುಟ್ಟಿದವನು ನೀನು. ಈಗ ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಪಂದ್ಯದಲ್ಲಿ ಓಡದ ದೋಣಿಯನ್ನು ಈ ಊರಿನಲ್ಲಿ ಯಾರು ಕೊಳ್ಳುತ್ತಾರೆ? ಶೆಡ್ಡು ಮುಚ್ಚಿ ಅವನು ಪುನಃ ನಿನ್ನ ಮಾವನ ಬಾಗಿಲಿಗೆ ಬರಬೇಕು. ನಿಮಗೆ ಬೇಕಾದದ್ದು ಅದೇ.

ಸಿಟ್ಟು ನಿನ್ನೊಬ್ಬನ ಮೇಲಲ್ಲ. ತಗಡಿನ ಮಾತನ್ನು ನಿಯಮಕ್ಕೆ ಸೇರಿಸಿದ ಸಭೆಯಲ್ಲಿ ನಾನೂ ಇದ್ದೆ. ಊಟದ ಹೊತ್ತು ಮೀರಿತ್ತು, ಒಳಗಿನಿಂದ ಹಂದಿ ಮಾಂಸದ ಪರಿಮಳ ಬರುತ್ತಿತ್ತು. ನೀನು ಗಡಿಬಿಡಿಯಲ್ಲಿ ಓದಿದೆ, ನಾನು ಕೇಳಿಸಿಕೊಳ್ಳದೆಯೇ ಕೈ ಎತ್ತಿದೆ. ಒಂದು ತಟ್ಟೆ ಊಟದ ಆಸೆಗೆ ಗುರುವಿನ ಹೊಟ್ಟೆಗೆ ಹೊಡೆದೆ. ನೆನೆದರೆ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ.

ಪತ್ರದ ಜೊತೆ ಕಾಗದದಲ್ಲಿ ಸುತ್ತಿ ಇಟ್ಟಿರುವುದು ನನ್ನ ದೋಣಿಯ ತಗಡು. ನಿನ್ನೆ ಸಂಜೆ ನಾನೇ ಸ್ಕ್ರೂ ಬಿಚ್ಚಿದೆ. ಉಳಿದ ನಾಲ್ಕು ತೂತುಗಳಿಗೆ ಮಾಯಿಲಪ್ಪ ಮೇಣ ತುಂಬಿಸಿ ಕೊಟ್ಟ. ಬರುವ ಭಾನುವಾರ ಪಂದ್ಯದ ಸಾಲಿನಲ್ಲಿ ಅವನ ದೋಣಿಯ ಪಕ್ಕ ನನ್ನದೂ ನಿಲ್ಲುತ್ತದೆ. ಹಾಕುವುದಾದರೆ ಎರಡನ್ನೂ ಹೊರಗೆ ಹಾಕು. ಅದಕ್ಕೆ ಮೊದಲು, ನಿನ್ನೆಯವರೆಗೆ ನಿಮ್ಮ ಪಂದ್ಯಕ್ಕೆ ಸಲ್ಲುತ್ತಿದ್ದ ನನ್ನ ದೋಣಿಯಲ್ಲಿ ಈಗ ಏನು ಕಡಿಮೆಯಾಯಿತು ಎಂದು ಎಲ್ಲರ ಎದುರು ಹೇಳು.

ದೇವರು ನಿನಗೆ ಒಳ್ಳೆಯ ಗಾಳಿ ಕೊಡಲಿ, ಸ್ವಲ್ಪ ನಾಚಿಕೆಯನ್ನೂ ಕೊಡಲಿ.

ಭಾನುವಾರದವರೆಗೆ ನಿನ್ನ ಸ್ನೇಹಿತ,
ಆರ್ಥರ್