ಆಲಕ್ಕೆ ಕಟ್ಟಿದ ಮಾಸು

ಬಾಗೂರು
ಭಾನುವಾರ, 9 ಮಾರ್ಚ್ 2025

ಪ್ರೀತಿಯ ಅಣ್ಣಯ್ಯಾ,

ಮಂಡಿನೋವು ಹೇಗಿದೆ? ಆ ಬಳ್ಳಾರಿ ಬಿಸಿಲಲ್ಲಿ ಮಧ್ಯಾಹ್ನ ಹೊರಗೆ ಹೊರಡಬೇಡ. ಅತ್ತಿಗೆಯ ಕೆಮ್ಮು ಬಿಟ್ಟಿತೇ? ಇಲ್ಲಿ ಕೆಂದಹಸು ಮೊನ್ನೆ ಈಯಿತು, ಹೆಣ್ಣುಗರು.

ಗಿಡಕ್ಕೂ ಪ್ರಾಣಿಗೂ ಏನು ವ್ಯತ್ಯಾಸ, ಶಾಲೆಗೆ ಬರೆದುಕೊಂಡು ಹೋಗಬೇಕು ಎಂದು ನಿನ್ನ ಮೊಮ್ಮಗಳು ರಂಜಿನಿ ಫೋನಿನಲ್ಲಿ ಕೇಳಿದ್ದಳು. ಅವಳಿಗೆ ಇದನ್ನು ಓದಿ ಹೇಳು. ನಮ್ಮವ್ವ ಹೊಲದಂಚಿನ ಆಲದ ಬುಡದಲ್ಲಿ ಬುತ್ತಿ ಬಿಚ್ಚುತ್ತಾ ನಿನಗೆ ಹೇಳುತ್ತಿದ್ದಳಲ್ಲ, "ಅಸ ಮೇಯಾಕ್ ಓಯ್ತದೆ, ನಾವು ದುಡಿಯಾಕ್ ಓಯ್ತೀವಿ. ಇದು ನಿಂತ್ ತಾವೇ ಉಂಡು ನಮ್ಗೂ ಇಕ್ತದೆ ಕಣ್ಲಾ" ಅಂತ. ಶಾಲೆಯ ಮೆಟ್ಟಿಲು ಹತ್ತದವಳ ಮಾತು. ಎಲೆ ಬಿಸಿಲು, ನೀರು, ಗಾಳಿ ಹಿಡಿದು ಅನ್ನ ಮಾಡುತ್ತದೆ. ಹಸು, ನೀನು, ನಾನು, ರಸ್ತೆ ಅಗಲ ಮಾಡಲು ನಮ್ಮ ಆಲಕ್ಕೆ ಕೆಂಪು ನಂಬರು ಬರೆದುಹೋದ ಎಂಜಿನಿಯರು, ಎಲ್ಲರೂ ಆ ಅಡುಗೆ ಉಣ್ಣುವವರೇ. ಉಸಿರೂ ಅದರದೇ.

ಹಸು ಈದಾಗಲೆಲ್ಲ ಅವ್ವ ಕರುವಿನ ಹಿಂದೆ ಬೀಳುವ ಮಾಸನ್ನು ಹುಲ್ಲಿನಲ್ಲಿ ಸುತ್ತಿ ನಿನ್ನನ್ನು ಆಲ ಹತ್ತಿಸುತ್ತಿದ್ದಳು. ಅದರ ಎಲೆ ಮುರಿದರೆ ಹಾಲು ಸುರಿಯುತ್ತದೆ, ಅಲ್ಲಿ ಕಟ್ಟಿದರೆ ಹಸುವಿಗೂ ಹಾಲು ಹೆಚ್ಚುತ್ತದೆ ಎಂದು ಅವಳ ನಂಬಿಕೆ. ರೈತ ಸಂಘಕ್ಕೆ ಸೇರಿದ ಹೊಸತರಲ್ಲಿ ನಾನು ಇದು ಮೌಢ್ಯ ಎಂದು ಬುಡದಲ್ಲೇ ನಿಂತು ಭಾಷಣ ಬಿಗಿದೆ. "ನಿನ್ ಭಾಸ್ಣ ಕರುದ್ರೆ ಎಷ್ಟ್ ಸೇರಾಯ್ತದವ್ವ?" ಅಂದಳು. ನೀನು ಕೊಂಬೆಯಿಂದ ಬೀಳುವಷ್ಟು ನಕ್ಕೆ.

ಎಂಜಿನಿಯರು, ಬೇರೆ ಕಡೆ ಹತ್ತು ಗಿಡ ನೆಡ್ತೀವಿ ಬಿಡಿ ಅಂದ. "ಅಸ ಆಗಿದ್ರೆ ಅಗ್ಗ ಬಿಚ್ಚಿ ಒಡ್ಕಂಡ್ ಓಯ್ತಿದ್ದೆ ಸಾ. ಇದ್ಕೆ ಕಾಲೆಲ್ಲದೆ?" ಅಂದೆ. ರಂಜಿನಿಗೆ ಇದನ್ನೂ ಬರೆಸು: ಮರ ಓಡುವುದಿಲ್ಲ. ಕಾಲಿರುವವರು ಅದರ ಪರವಾಗಿ ನಿಲ್ಲಬೇಕು. ನೀನು ಬಳ್ಳಾರಿಯಲ್ಲೇ ಕೂತು ಮರ ಕಡಿಯುವ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ನೀನೂ ಹಾಕು ಎಂದು ನನಗೆ ಅಂಚೆಯಲ್ಲಿ ಕಳಿಸಿದೆಯಲ್ಲ. ಹೊಲ ಇಬ್ಬರ ಹೆಸರಿನಲ್ಲಿದೆ. ನಾನು ಹಾಕುವುದಿಲ್ಲ.

ಅತ್ತಿಗೆಗೆ ನಮಸ್ಕಾರ. ರಂಜಿನಿಗೆ ಒಳ್ಳೆಯದಾಗಲಿ.

ನಿನ್ನ ತಂಗಿ,
ಅನಸೂಯ

ಮರೆತಿದ್ದೆ: ಜೊತೆಗಿಟ್ಟಿರುವ ತಕರಾರು ಅರ್ಜಿ ಶುಕ್ರವಾರ ತಾಲ್ಲೂಕು ಕಚೇರಿಗೆ ಹೋಗಬೇಕು, ನಿನ್ನ ಸಹಿಯೂ ಬೇಕು. ಮೊನ್ನೆ ಮಾಸು ಸುತ್ತಲು ಹುಲ್ಲು ಸಾಲಲಿಲ್ಲ. ನಿನ್ನ ಒಪ್ಪಿಗೆ ಪತ್ರವನ್ನೂ ಸೇರಿಸಿ ಸುತ್ತಿ, ಪಕ್ಕದ ಹೊಲದ ಪಾಪಯ್ಯನನ್ನು ಹತ್ತಿಸಿ, ನೀನು ಕೂರುತ್ತಿದ್ದ ಕೊಂಬೆಗೇ ಕಟ್ಟಿಸಿದ್ದೇನೆ. ಬೇಕಿದ್ದರೆ ಬಂದು ಹತ್ತಿ ಬಿಚ್ಚಿಕೋ.